‘ವ’ಕಾರಕ್ಕೆ ಬಿದ್ದ ಗುಡಿಸು

ಆ ತಿಂಗಳ ತಖ್ತೆಯಲ್ಲಿ ಒಂದೂ ತಪ್ಪಿರಲಿಲ್ಲ. ನನಗೆ ಅನುಮಾನ ಬಂದದ್ದು ಅದಕ್ಕೇ.

ಚಿಕ್ಕಬಳ್ಳಾಪುರದ ಜಿಲ್ಲಾ ನ್ಯಾಯಾಲಯದಲ್ಲಿ ಅಂಕಿಅಂಶದ ಮೇಜು ನನ್ನದು. ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಮೊದಲಾಗಿ ಜಿಲ್ಲೆಯ ತಾಲ್ಲೂಕು ನ್ಯಾಯಾಲಯಗಳೆಲ್ಲ ತಿಂಗಳು ಮುಗಿದ ಮೇಲೆ ಐದನೇ ತಾರೀಖಿನೊಳಗೆ ಒಂದೊಂದು ತಖ್ತೆ ಕಳುಹಿಸುತ್ತವೆ. ತಿಂಗಳ ಮೊದಲ ದಿನ ಬಾಕಿ ಇದ್ದ ಪ್ರಕರಣಗಳೆಷ್ಟು, ಹೊಸದಾಗಿ ದಾಖಲಾದವೆಷ್ಟು, ಬೇರೆ ನ್ಯಾಯಾಲಯದಿಂದ ವರ್ಗವಾಗಿ ಬಂದವೆಷ್ಟು, ವರ್ಗವಾಗಿ ಹೋದವೆಷ್ಟು, ವಿಲೇವಾರಿಯಾದವೆಷ್ಟು, ಕೊನೆಗೆ ಉಳಿದವೆಷ್ಟು. ಎಲ್ಲವನ್ನೂ ತಾಳೆ ನೋಡಿ, ಒಂದುಗೂಡಿಸಿ, ಸಹಿ ಹಾಕಿ ಹೈಕೋರ್ಟಿಗೆ ಕಳುಹಿಸುವುದು ನನ್ನ ಕೆಲಸ. ಅಲ್ಲಿ ಅದು ಇಡೀ ರಾಜ್ಯದ ತಖ್ತೆಯೊಳಗೆ ಸೇರುತ್ತದೆ. ಯಾವ ಊರಿಗೆ ಇನ್ನೊಂದು ನ್ಯಾಯಾಲಯ ಬೇಕು, ಯಾವ ಊರಿನಲ್ಲಿ ಕೆಲಸ ನಿಧಾನವಾಗಿದೆ ಎಂದು ಮೇಲಿನವರು ತೀರ್ಮಾನಿಸುವುದು ಈ ಅಂಕಿಗಳನ್ನು ನೋಡಿ. ಪ್ರಕರಣಗಳನ್ನು ಅವರು ನೋಡುವುದಿಲ್ಲ. ನಾನೂ ನೋಡುವುದಿಲ್ಲ.

ಇಲ್ಲಿಗೆ ಬರುವ ಮುಂಚೆ ಕೆಲವು ವರ್ಷ ಪತ್ರಿಕೆಯೊಂದರ ಡೆಸ್ಕಿನಲ್ಲಿದ್ದೆ. ಒಂದು ಸಂಗತಿಯನ್ನು ಎರಡು ಕಡೆ ಕೇಳಿ ಖಚಿತಪಡಿಸಿಕೊಳ್ಳದೆ ಪುಟಕ್ಕೆ ಬಿಡಬಾರದೆಂಬ ಅಭ್ಯಾಸ ಅಲ್ಲಿಂದ ಬಂದದ್ದು. ಇಲ್ಲಿ ಆ ಅಭ್ಯಾಸಕ್ಕೆ ಹೆಚ್ಚು ಕೆಲಸವಿರಲಿಲ್ಲ. ತಖ್ತೆಗಳಲ್ಲಿ ಬರುವ ತಪ್ಪುಗಳು ತಾವಾಗಿಯೇ ಕಾಣುವಂಥವು. ಕಳೆದ ತಿಂಗಳು ಉಳಿದ ಬಾಕಿಯೇ ಈ ತಿಂಗಳ ಆರಂಭದ ಬಾಕಿಯಾಗಬೇಕು, ಆಗಿರುವುದಿಲ್ಲ. ಸಿವಿಲ್ ಕಾಲಮ್ಮಿನ ಒಂದು ಅಂಕಿ ಕ್ರಿಮಿನಲ್ ಕಾಲಮ್ಮಿಗೆ ಹೋಗಿ ಕೂತಿರುತ್ತದೆ. ಫೋನು ಮಾಡುತ್ತೇನೆ, ತಿದ್ದಿ ಕಳುಹಿಸುತ್ತಾರೆ.

ನಾನು ಹೇಳುತ್ತಿರುವ ತಾಲ್ಲೂಕು ನ್ಯಾಯಾಲಯ ಯಾವುದೆಂದು ಬರೆಯುವುದಿಲ್ಲ. ಅಲ್ಲಿಂದ ತಪ್ಪಿಲ್ಲದ ತಖ್ತೆ ಬಂದದ್ದು ನನಗೆ ನೆನಪಿರಲಿಲ್ಲ. ಹಿಂದಿನ ಮಾಸಿಕ ಸಭೆಯಲ್ಲಿ ವಿಲೇವಾರಿ ಕಡಿಮೆಯೆಂದು ಆ ನ್ಯಾಯಾಲಯದ ಹೆಸರು ಎರಡು ಸಲ ಬಂದಿತ್ತು. ಈಗ ಐದನೇ ತಾರೀಖು ಬೆಳಿಗ್ಗೆಯೇ ಬಂದು ಕೂತಿದ್ದ ಹಾಳೆಯಲ್ಲಿ ಅಡ್ಡಕ್ಕೆ ಕೂಡಿದರೂ ಉದ್ದಕ್ಕೆ ಕೂಡಿದರೂ ಸರಿ. ವಿಲೇವಾರಿ ಚೆನ್ನಾಗಿ ಏರಿತ್ತು. ಏರಿದ್ದು ತೀರ್ಪಿನ ಕಾಲಮ್ಮಿನಲ್ಲಲ್ಲ, ರಾಜಿಯ ಕಾಲಮ್ಮಿನಲ್ಲೂ ಅಲ್ಲ. ಕಟ್ಟಕಡೆಯಲ್ಲಿ ‘ಇತರೆ’ ಎಂದೊಂದು ಕಾಲಮ್ಮಿದೆ, ಅದರಲ್ಲಿ. ಎಂದೂ ಎರಡು ಮೂರು ದಾಟದ ಆ ಕಾಲಮ್ಮಿನಲ್ಲಿ ನಲವತ್ತೊಂದು ಇತ್ತು.

ಅಲ್ಲಿನ ಶಿರಸ್ತೇದಾರರಿಗೆ ಫೋನು ಮಾಡಿದೆ. ನಿವೃತ್ತಿಗೆ ಕೆಲವೇ ತಿಂಗಳಿದ್ದ, ಯಾರೊಂದಿಗೂ ಜೋರು ಮಾತಾಡದ ಮನುಷ್ಯ.

“ಮೇಡಂ, ತಪ್ಪಿದ್ರೂ ಫೋನು, ಸರಿಯಿದ್ರೂ ಫೋನು. ನಾವು ಬದುಕೋದು ಹೆಂಗೆ ಹೇಳಿ” ಎಂದರು.

ಇತರೆ ಎಂದರೆ ಏನೆಂದು ಕೇಳಿದೆ.

“ಇತರೆ ಅಂದ್ರೆ ಇತರೆ. ತೀರ್ಪಲ್ಲ, ರಾಜಿಯಲ್ಲ, ಇನ್ನೇನೋ ಒಂದು.”

ವಿವರ ಕಳುಹಿಸಿ ಎಂದೆ. ಕಳುಹಿಸುತ್ತೇನೆ ಎಂದರು. ಸಂಜೆಯೊಳಗೆ ಜಿಲ್ಲೆಯ ತಖ್ತೆ ಹೋಗಬೇಕಿತ್ತು. ಕೂಡಿದ್ದು ಸರಿ ಇತ್ತು. ನಾನು ಸಹಿ ಹಾಕಿದೆ. ವಿವರ ಬರಲಿಲ್ಲ, ನಾನು ಮತ್ತೆ ಕೇಳಲಿಲ್ಲ. ಮುಂದಿನ ಸಭೆಯಲ್ಲಿ ಆ ನ್ಯಾಯಾಲಯದ ಹೆಸರು ಮೂರನೇ ಸಲ ಬಂತು, ಈ ಸಲ ಮೆಚ್ಚುಗೆಯೊಂದಿಗೆ.

ಮೂರು ತಿಂಗಳು ಕಳೆದ ಮೇಲೆ ಒಬ್ಬ ಹೆಂಗಸು ನನ್ನ ಮೇಜಿನ ಮುಂದೆ ಬಂದು ನಿಂತರು. ಐವತ್ತು ದಾಟಿದವರು. ಕೈಯಲ್ಲಿ ನಾಲ್ಕು ಮಡಿಕೆಯ ಒಂದು ಚೀಟಿ. ಅದರಲ್ಲಿ ದಾವೆಯ ನಂಬರು, ಅದರ ಕೆಳಗೆ ಒಂದರ ಮೇಲೊಂದು ಹೊಡೆದುಹಾಕಿದ ವಾಯಿದೆ ತಾರೀಖುಗಳು. ಕೊನೆಯ ತಾರೀಖಿನ ನಂತರ ಏನೂ ಇರಲಿಲ್ಲ.

“ಅಮ್ಮಾ, ಕೆಳಗಡೆ ಕೌಂಟರ್‌ನೋರು ಲೆಕ್ಕದ ಮೇಡಂನ ಕೇಳು ಅಂದ್ರು.”

ನನ್ನ ಮೇಜು ಕಕ್ಷಿದಾರರಿಗಾಗಿ ಇರುವುದಲ್ಲ. ಹಾಗೆಂದು ಹೇಳಿದೆ ಕೂಡ. ಅವರು ಹೋಗಲಿಲ್ಲ. ತೊಂಡೇಬಾವಿಯಲ್ಲಿ ವಾಸ, ಕುಡುಮಲಕುಂಟೆಯ ಕಾರ್ಖಾನೆಯೊಂದರಲ್ಲಿ ಹೊಲಿಗೆ ಕೆಲಸ. ದಾವೆ ಇರುವುದು ಅವರ ತಂದೆಯ ಊರಿನ ತಾಲ್ಲೂಕಿನಲ್ಲಿ, ಅಂದರೆ ನಾನು ಹೆಸರು ಹೇಳದ ನ್ಯಾಯಾಲಯದಲ್ಲಿ. ಹನ್ನೊಂದು ವರ್ಷ ಹಳೆಯದು. ವಾರದ ರಜೆಯನ್ನು ಬೇರೆಯವರೊಂದಿಗೆ ಅದಲು ಬದಲು ಮಾಡಿಕೊಂಡು ಪ್ರತಿ ವಾಯಿದೆಗೂ ಹೋಗಿದ್ದರಂತೆ. ಈಚೆಗೆ ಆ ಕಟ್ಟಡದಲ್ಲಿ ಇನ್ನೊಂದು ಹೆಚ್ಚುವರಿ ನ್ಯಾಯಾಲಯ ಶುರುವಾಗಿ, ಇವರ ದಾವೆ ಅಲ್ಲಿಗೆ ಹೋಗುತ್ತದೆಂದು ಹೇಳಿದ್ದರು.

“ಈ ರೂಮ್‌ನೋರು ಆ ರೂಮಲ್ಲಿ ಕೇಳು ಅಂತಾರೆ. ಆ ರೂಮ್‌ನೋರು ನಮ್ಮತ್ರ ಬಂದೇ ಇಲ್ಲ ಅಂತಾರೆ. ಎರಡಕ್ಕೂ ಮಧ್ಯ ಇರೋದು ಒಂದು ಗೋಡೆ. ಗೋಡೆ ಒಳಕ್ಕೆ ಹೋಯ್ತಾ ನನ್ನ ಕೇಸು?”

ವಕೀಲರು ಏನೆನ್ನುತ್ತಾರೆಂದು ಕೇಳಿದೆ. ಹೊಸ ಕೋರ್ಟಿಗೆ ನ್ಯಾಯಾಧೀಶರು ಇನ್ನೂ ಬಂದಿಲ್ಲ, ಬರಲಿ, ಕಾಯಿರಿ ಎನ್ನುತ್ತಾರಂತೆ. ಕಾಯುವುದಕ್ಕೆ ಅವರಿಗೆ ಅಭ್ಯಾಸವಿತ್ತು. ಕಾಯಲಾರದವರು ಬೇರೆ ಒಬ್ಬರಿದ್ದರು.

ಅವರ ದಾವೆ ಕೇಳುತ್ತಿದ್ದದ್ದು ಒಂದೇ ಘೋಷಣೆ: ತಾನು ತನ್ನ ತಂದೆಯ ಮಗಳು ಎಂದು. ತಂದೆ ತೀರಿಕೊಂಡ ಮೇಲೆ ದೊಡ್ಡ ಮನೆಯವರು, ಅಂದರೆ ಮೊದಲ ಹೆಂಡತಿಯ ಕಡೆಯವರು, ಇವಳ ತಾಯಿಯನ್ನು ಆತ ಮದುವೆಯೇ ಆಗಿರಲಿಲ್ಲ, ಇವಳು ಯಾರೋ ಗೊತ್ತಿಲ್ಲ ಎಂದಿದ್ದರು. ಇದ್ದ ಆಧಾರ ಶಾಲೆಯ ದಾಖಲಾತಿ ಪುಸ್ತಕದ ಒಂದು ಸಾಲು. ಅದರಲ್ಲಿ ತಂದೆಯ ಹೆಸರಿತ್ತು. ಅದು ಆಮೇಲೆ ಸೇರಿಸಿದ್ದು ಎಂಬುದು ಎದುರು ಪಕ್ಷದ ವಾದ. ಬರೆದ ಮುಖ್ಯೋಪಾಧ್ಯಾಯರು ಬದುಕಿದ್ದರು. ತಂದೆಯೇ ಮಗುವಿನ ಕೈ ಹಿಡಿದು ಬಂದು ಎದುರು ನಿಂತು ಹೆಸರು ಹೇಳಿದ್ದನ್ನು ಕೇಳಿ ಬರೆದವರು ಅವರು. ಈಗ ಶಿಡ್ಲಘಟ್ಟದಲ್ಲಿ ಮಗಳ ಮನೆಯಲ್ಲಿದ್ದರು. ಅವರ ಸಾಕ್ಷ್ಯ ಇನ್ನೂ ಆಗಿರಲಿಲ್ಲ.

“ಮೇಷ್ಟ್ರಿಗೆ ಎಂಬತ್ತೆಂಟು. ನಾನು ಹೋದ್ರೆ ಇನ್ನೂ ಗುರುತು ಹಿಡೀತಾರೆ. ಇನ್ನೆಷ್ಟು ದಿನ ಹಿಡೀತಾರೋ.”

ನಂಬರನ್ನು ಗಣಕದಲ್ಲಿ ಹಾಕಿ ನೋಡಿದೆ. ಪರದೆಯ ಮೇಲೆ ಒಂದು ಪದ ಬಂತು: ವಿಲೇವಾರಿಯಾಗಿದೆ. ಅವರು ಮೇಜಿನ ಆಚೆಯಿಂದಲೇ ಕತ್ತು ಚಾಚಿ ಓದಿಕೊಂಡರು.

“ವಿಲೇ ಅಂದ್ರೆ? ಗೆದ್ನಾ, ಸೋತ್ನಾ?”

ಹದಿನಾಲ್ಕು ವರ್ಷದಿಂದ ಆ ಪದವನ್ನು ದಿನಕ್ಕೆ ನೂರು ಸಲ ಬರೆಯುತ್ತಿದ್ದೇನೆ. ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಇಲ್ಲಿ ಅದು ಬರೆದಿಲ್ಲ, ತೀರ್ಪಿನ ಪ್ರತಿಯೂ ಕಾಣುತ್ತಿಲ್ಲ, ನೋಡುತ್ತೇನೆ ಎಂದಷ್ಟೇ ಹೇಳಿದೆ. ಬೇರೆ ಮಾತು ಕೊಡಲಿಲ್ಲ. ಚೀಟಿಯ ಜೆರಾಕ್ಸ್ ಇಟ್ಟುಕೊಂಡು ಮೂಲವನ್ನು ಹಿಂದಿರುಗಿಸಿದೆ.

ಅವರು ಹೋದ ಮೇಲೆ ಆ ತಿಂಗಳ ವಿಲೇವಾರಿ ಪಟ್ಟಿಯನ್ನು ಗಣಕದಿಂದ ತೆಗೆದೆ. ‘ಇತರೆ’ಯಲ್ಲಿದ್ದ ನಲವತ್ತೊಂದೂ ಒಂದೇ ದಿನ, ತಿಂಗಳ ಕೊನೆಯ ಕೆಲಸದ ದಿನ, ವಿಲೇವಾರಿಯಾಗಿದ್ದವು. ಒಂದಕ್ಕೂ ಆದೇಶದ ಪ್ರತಿ ಇರಲಿಲ್ಲ. ಹೆಂಗಸಿನ ದಾವೆ ಆ ಪಟ್ಟಿಯಲ್ಲಿ ಏಳನೆಯದು. ನಂತರ ಹೆಚ್ಚುವರಿ ನ್ಯಾಯಾಲಯದ ಅದೇ ತಿಂಗಳ ತಖ್ತೆ ತೆಗೆದು ಪಕ್ಕದಲ್ಲಿಟ್ಟೆ. ‘ವರ್ಗವಾಗಿ ಬಂದವು’ ಎಂಬಲ್ಲಿ ಸೊನ್ನೆ. ಮೊದಲ ನ್ಯಾಯಾಲಯದ ‘ವರ್ಗವಾಗಿ ಹೋದವು’ ಎಂಬಲ್ಲೂ ಸೊನ್ನೆ. ಎರಡು ಹಾಳೆಗಳೂ ತಮ್ಮಷ್ಟಕ್ಕೆ ತಾವು ಸರಿಯಾಗಿದ್ದವು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದುವ ಕೆಲಸ ಜಿಲ್ಲೆಯಲ್ಲಿ ಒಬ್ಬರಿಗೆ ಮಾತ್ರ ಸೇರಿದ್ದು. ಆ ಕೆಲಸವನ್ನು ಮೂರು ತಿಂಗಳ ಹಿಂದೆ ನಾನು ಮಾಡಿರಲಿಲ್ಲ.

ನಮ್ಮ ಆಡಳಿತಾಧಿಕಾರಿಗೆ ಹೇಳಿದೆ. ಅವರು ಎರಡೂ ಹಾಳೆಗಳನ್ನು ನೋಡಿ, ಕನ್ನಡಕ ತೆಗೆದು ಒರೆಸಿ, ವರ್ಷಕ್ಕೊಮ್ಮೆ ಮಾಡುವ ಕಡತಗಳ ಎಣಿಕೆ ಹೇಗೂ ಬಾಕಿ ಇದೆ, ಅದರ ಹೆಸರಿನಲ್ಲಿ ಹೋಗಿ ಬನ್ನಿ ಎಂದರು. ಎಣಿಕೆಯ ಬಗ್ಗೆ ಪತ್ರ ಹೋಯಿತು. ಅಂದರೆ ನಾನು ಬರುತ್ತೇನೆಂದು ಅಲ್ಲಿಗೆ ವಾರದ ಮುಂಚೆಯೇ ತಿಳಿಯಿತು.

ಎಣಿಕೆಯ ಕ್ರಮ ಹೀಗೆ. ಬಾಕಿ ಪ್ರಕರಣಗಳ ಪಟ್ಟಿಯನ್ನು ಗಣಕದಿಂದ ಮುದ್ರಿಸಿಕೊಳ್ಳಬೇಕು. ಒಬ್ಬರು ಕಪಾಟಿನಿಂದ ಒಂದೊಂದೇ ಕಡತ ತೆಗೆದು ನಂಬರು ಓದುತ್ತಾರೆ, ಇನ್ನೊಬ್ಬರು ಪಟ್ಟಿಯಲ್ಲಿ ಗುರುತು ಹಾಕುತ್ತಾರೆ. ಎರಡು ದಿನ ಹಿಡಿಯಿತು. ಕೊನೆಗೆ ಪಟ್ಟಿ ಮತ್ತು ಕಡತ ಎರಡೂ ಸರಿಹೋದವು. ಶಿರಸ್ತೇದಾರರು ಮಜ್ಜಿಗೆ ತರಿಸಿಕೊಟ್ಟರು.

ಸರಿಹೋಗದೆ ಇನ್ನೇನು. ವಿಲೇವಾರಿಯಾದವು ಬಾಕಿ ಪಟ್ಟಿಯಲ್ಲಿ ಇರುವುದೇ ಇಲ್ಲವಲ್ಲ. ಮುಗಿದ ಕಡತಗಳು ಹೋಗುವುದು ದಾಖಲೆ ಕೋಣೆಗೆ. ಅದನ್ನೂ ನೋಡುತ್ತೇನೆ ಎಂದೆ. ಅಲ್ಲಿನ ಗುಮಾಸ್ತರು ಸ್ವೀಕೃತಿ ಪುಸ್ತಕ ತೆರೆದು ತೋರಿಸಿದರು. ಆ ನಲವತ್ತೊಂದರಲ್ಲಿ ಒಂದೂ ಅಲ್ಲಿಗೆ ಬಂದಿರಲಿಲ್ಲ. ಹಾಗಾದರೆ ದಾವೆಗಳ ನೋಂದಣಿ ಪುಸ್ತಕ ಕೊಡಿ ಎಂದು ಕೇಳಿದೆ. ಪ್ರತಿ ದಾವೆಗೂ ಅದರಲ್ಲಿ ಒಂದು ಸಾಲು ಇರುತ್ತದೆ, ಕೊನೆಯ ಕಾಲಮ್ಮಿನಲ್ಲಿ ಅದರ ಗತಿಯೇನಾಯಿತೆಂದು ಕೆಂಪು ಶಾಯಿಯಲ್ಲಿ ಬರೆಯುತ್ತಾರೆ.

ಪುಸ್ತಕ ಬೈಂಡಿಂಗಿಗೆ ಹೋಗಿದೆ ಎಂದರು ಶಿರಸ್ತೇದಾರರು.

ಬಸ್ಸಿಗೆ ಹೊರಟೆ. ಬಾಗಿಲು ಹಾಕಲು ಬಂದ ದಫೇದಾರರು ಬೀಗದ ಕೈ ಹುಡುಕುತ್ತ, ನನ್ನ ಕಡೆ ನೋಡದೆ ಒಂದು ಮಾತು ಹೇಳಿದರು.

“ಬೈಂಡಿಂಗ್ ಅಂಗಡಿ ನಮ್ಮೂರಲ್ಲಿ ಮುಚ್ಚಿ ಎರಡು ವರ್ಷ ಆಯ್ತಲ್ಲ ಮೇಡಂ.”

ಮುಂದಿನ ವಾರ ಪತ್ರವಿಲ್ಲದೆ ಹೋದೆ. ಆಡಳಿತಾಧಿಕಾರಿಗೆ ತಿಳಿಸಿ ಹೋದದ್ದು, ಆದರೆ ಹೊರಡುವ ಬೆಳಿಗ್ಗೆ ತಿಳಿಸಿದ್ದು. ಪುಸ್ತಕ ಮೇಜಿನ ಮೇಲಿತ್ತು. ಹಳೆಯ ಹೊದಿಕೆ, ಹಳೆಯ ದಾರ, ಮೂಲೆಯಲ್ಲಿ ಹಳೆಯ ಅಂಟಿನ ಕಲೆ. ಬೈಂಡಿಂಗ್ ಆಗಿರಲಿಲ್ಲ.

ಏಳನೆಯದನ್ನು ಮೊದಲು ತೆಗೆದೆ. ಹನ್ನೊಂದು ವರ್ಷ ಹಿಂದಿನ ಪುಟ. ಹೆಂಗಸಿನ ಹೆಸರು, ತಂದೆಯ ಹೆಸರು, ವಕೀಲರ ಹೆಸರು. ಕೊನೆಯ ಕಾಲಮ್ಮಿನಲ್ಲಿ ಕೆಂಪು ಶಾಯಿಯಲ್ಲಿ ಒಂದೇ ಅಕ್ಷರ, ಮುಂದೆ ಒಂದು ಚುಕ್ಕೆ: ‘ವಿ.’ ಪಕ್ಕದಲ್ಲಿ ತಾರೀಖು.

ಪುಸ್ತಕದಲ್ಲಿ ಎಲ್ಲ ಕಡೆ ಅದೇ ರೂಢಿ. ವಿಲೇವಾರಿಯಾದರೆ ‘ವಿ.’ ವರ್ಗಾವಣೆಯಾದರೆ ‘ವ.’ ಪೂರ್ತಿ ಬರೆಯುವಷ್ಟು ಜಾಗ ಆ ಕಾಲಮ್ಮಿನಲ್ಲಿಲ್ಲ. ಗಣಕಕ್ಕೆ ಏರಿಸುವವರು ಈ ಅಕ್ಷರ ನೋಡಿಯೇ ಏರಿಸುತ್ತಾರೆ. ಏರಿಸಿದವರು ಗುತ್ತಿಗೆಯ ಮೇಲಿದ್ದ ಬೆರಳಚ್ಚುಗಾರ್ತಿ. ಎರಡು ಮಕ್ಕಳ ತಾಯಿ, ಗುತ್ತಿಗೆ ಮುಂದುವರಿಯುವ ಬಗ್ಗೆ ಸದಾ ಭಯ. ಕರೆಸಿ ಕೇಳಿದಾಗ ನೇರವಾಗಿ ಹೇಳಿದರು.

“ನಾನು ಇದ್ದದ್ದನ್ನೇ ಹೊಡ್ದಿದೀನಿ ಮೇಡಂ. ಗುಡಿಸು ಇತ್ತು. ಗುಡಿಸು ಇದ್ಮೇಲೆ ‘ವಿ’ ತಾನೆ?”

ವಾಸ್ತವವಾಗಿ ಆದದ್ದು ಏನೆಂದು ಅವರಿಂದಲೇ, ಆಮೇಲೆ ಎರಡೂ ನ್ಯಾಯಾಲಯಗಳ ಗುಮಾಸ್ತರಿಂದ ತಿಳಿದುಕೊಂಡೆ. ನಲವತ್ತೊಂದು ದಾವೆಗಳನ್ನು ಹೆಚ್ಚುವರಿ ನ್ಯಾಯಾಲಯಕ್ಕೆ ವರ್ಗಾಯಿಸಲು ಆದೇಶವಾಗಿತ್ತು. ಕಡತಗಳನ್ನು ಕೆಂಪು ರುಮಾಲಿನಲ್ಲಿ ಗಂಟು ಕಟ್ಟಿ ಆಚೆಗೆ ಒಯ್ದರು. ಆಚೆಯ ಗುಮಾಸ್ತರು ಪುಟಸಂಖ್ಯೆ ಹಾಕದ ಕಡತಗಳಿಗೆ ಸಹಿ ಮಾಡುವುದಿಲ್ಲವೆಂದರು. ಹಿಂದಕ್ಕೆ ತಂದರು. ಹೋದದ್ದೆಂದು ಬರೆದಾಗಿದೆ, ಇನ್ನು ಒಳಗಿಡುವುದು ಹೇಗೆ ಎಂದು ಈಚೆಯವರು ಕೇಳಿದರು.

ಗಂಟುಗಳು ಎಲ್ಲಿವೆ ಎಂದು ಕೇಳಿದೆ. ಬೆರಳಚ್ಚುಗಾರ್ತಿ ಕೈ ತೋರಿಸಿದರು. ಎರಡು ನ್ಯಾಯಾಲಯಗಳ ಕೋಣೆಗಳ ನಡುವಿನ ಗೋಡೆಯಲ್ಲಿ ಒಂದು ಬೀರು. ಬಾಗಿಲು ತೆರೆದರೆ ಮೇಲಿನ ಹಲಗೆಯಲ್ಲಿ ಐದು ಗಂಟುಗಳು, ಕೆಳಗಿನ ಹಲಗೆಯಲ್ಲಿ ಸಿಬ್ಬಂದಿಯ ಊಟದ ಡಬ್ಬಿಗಳು. ತೊಂಡೇಬಾವಿಯ ಹೆಂಗಸು ಕೋಪದಲ್ಲಿ ಆಡಿದ ಮಾತು ಅಕ್ಷರಶಃ ನಿಜವಾಗಿತ್ತು. ಬೆರಳಚ್ಚುಗಾರ್ತಿ ಡಬ್ಬಿಗಳನ್ನು ತೆಗೆದಿಟ್ಟರು. ಗಂಟು ಬಿಚ್ಚಿ ಎಣಿಸಿದೆವು. ನಲವತ್ತೊಂದು.

ಕಣ್ತಪ್ಪು ಎನ್ನಬಹುದಿತ್ತು. ಹಾಗೆಂದುಕೊಂಡೇ ಪುಸ್ತಕವನ್ನು ಕಿಟಕಿಯ ಬೆಳಕಿಗೆ ಒಯ್ದೆ. ಡೆಸ್ಕಿನಲ್ಲಿದ್ದಾಗ ಅಕ್ಷರವನ್ನು ಪದದಿಂದ ಬೇರೆ ಮಾಡಿ ನೋಡುವುದು ಕಲಿತಿದ್ದೆ. ‘ವ’ಕ್ಕೆ ಮೇಲೆ ತಲಕಟ್ಟಿರುತ್ತದೆ. ‘ವಿ’ ಬರೆಯುವವರು ತಲಕಟ್ಟು ಬಿಟ್ಟು ಅದರ ಜಾಗದಲ್ಲಿ ಗುಡಿಸು ಸುತ್ತುತ್ತಾರೆ. ಒಂದನೇ ತರಗತಿಯ ಮಕ್ಕಳಿಗೂ ಗೊತ್ತು, ಎರಡೂ ಒಟ್ಟಿಗೆ ಇರುವುದಿಲ್ಲ. ಆ ಪುಸ್ತಕದಲ್ಲಿ ಬೇರೆ ನೂರಾರು ‘ವಿ’ಗಳಿದ್ದವು, ಎಲ್ಲ ಹಾಗೆಯೇ ಇದ್ದವು. ಈ ನಲವತ್ತೊಂದರಲ್ಲಿ ಮಾತ್ರ ತಲಕಟ್ಟು ಇದ್ದ ಹಾಗೆಯೇ ಇತ್ತು, ಅದರ ತಲೆಯ ಮೇಲೆ ಗುಡಿಸು ಕೂತಿತ್ತು. ಗುಡಿಸಿನ ಕೆಂಪು, ಅಕ್ಷರದ ಕೆಂಪಿಗಿಂತ ಒಂದು ಎಳೆ ಗಾಢ.

ಶಿರಸ್ತೇದಾರರನ್ನು ಕರೆದು ತೋರಿಸಿದೆ. ಅವರು ಬಹಳ ಹೊತ್ತು ನೋಡಿದರು.

“ಕೈ ಓಡ್ತಾ ಇರೋವಾಗ ಬೀಳುತ್ತೆ” ಎಂದರು.

“ನಲವತ್ತೊಂದು ಸಲ?”

“ಮೇಡಂ, ನಮ್ಮ ಕೋರ್ಟಿಂದ ಆಚೆ ಹೋದ್ಮೇಲೆ ನಮಗೆ ಅದು ವಿಲೇನೇ ಅಲ್ವಾ? ವರ್ಗ ಅಂದ್ರೂ ಒಂದೇ, ವಿಲೇ ಅಂದ್ರೂ ಒಂದೇ. ನಮ್ಮ ತಲೆ ಮೇಲಿಂದ ಇಳೀತು ಅಂತ ತಾನೆ.”

ಬಾಗಿಲ ಬಳಿ ನಿಂತಿದ್ದ ದಫೇದಾರರು ಯಾರಿಗೂ ಅಲ್ಲವೆಂಬಂತೆ, “ಗುಡಿಸು ಹಾಕಿದ್ಮೇಲೆ ಗುಡಿಸ್ಕೊಂಡೇ ಹೋಗುತ್ತೆ ಬಿಡಿ” ಎಂದರು.

ಯಾರ ಕೈ ಎಂದು ನನಗೆ ಅಂದು ಗೊತ್ತಾಗಲಿಲ್ಲ, ಇಂದಿಗೂ ಗೊತ್ತಿಲ್ಲ. ಪುಸ್ತಕ ಆ ಮೇಜಿನ ಮೇಲೆ ಎಲ್ಲರ ಕೈಗೂ ಸಿಗುವಂತೆ ಇರುತ್ತದೆ. ಶಿರಸ್ತೇದಾರರ ಕೈ ಎಂದು ಬರೆಯಲು ನನ್ನ ಬಳಿ ಒಂದೇ ಕಡೆಯ ಮಾತಿದೆ, ಅದೂ ನನ್ನ ಅನುಮಾನದ್ದು. ಆದ್ದರಿಂದ ಬರೆಯುವುದಿಲ್ಲ.

ಚಿಕ್ಕಬಳ್ಳಾಪುರಕ್ಕೆ ಹಿಂದಿರುಗಿ ಆಡಳಿತಾಧಿಕಾರಿಗೆ ಎಲ್ಲವನ್ನೂ ಹೇಳಿದೆ. ಅವರು ಕೆಟ್ಟ ಮನುಷ್ಯರಲ್ಲ. ಕಷ್ಟವನ್ನು ಕ್ರಮವಾಗಿ ವಿವರಿಸಿದರು. ಆ ತಿಂಗಳ ತಖ್ತೆ ಮೇಲೆ ಹೋಗಿ ರಾಜ್ಯದ ಲೆಕ್ಕದಲ್ಲಿ ಸೇರಿಯಾಗಿದೆ. ಅದನ್ನು ತಿದ್ದಬೇಕೆಂದರೆ ಅದರ ನಂತರದ ಮೂರು ತಿಂಗಳದ್ದೂ ತಿದ್ದಬೇಕು. ಗಣಕದಲ್ಲಿ ಒಮ್ಮೆ ವಿಲೇವಾರಿ ಎಂದದ್ದನ್ನು ಮತ್ತೆ ಬಾಕಿಗೆ ತರಲು ಒಂದೊಂದಕ್ಕೂ ಅನುಮತಿ ಬೇಕು, ಒಂದೊಂದಕ್ಕೂ ಕಾರಣ ಕೊಡಬೇಕು. ಜಿಲ್ಲೆಯ ಬಾಕಿ ಒಮ್ಮೆಲೇ ಏರಿದರೆ ಯಾಕೆಂದು ಕೇಳುತ್ತಾರೆ.

“ನೋಡಮ್ಮ, ಯಾರ ಮನೆಯೂ ಮುರಿಯೋದು ಬೇಡ. ಆ ಫೈಲುಗಳಿಗೆ ಹೆಚ್ಚುವರಿ ಕೋರ್ಟಲ್ಲಿ ಹೊಸ ನಂಬರು ಕೊಟ್ಟು, ತಿಂಗಳಿಗೆ ಐದೈದು ಸೇರಿಸ್ಕೊಂಡು ಹೋಗಣ. ಯಾರ ಕಣ್ಣಿಗೂ ಬೀಳಲ್ಲ. ಕೇಸೂ ನಡೀತದೆ.”

ಕೇಳುವಾಗ ಸರಿಯೆನಿಸಿತು. ಕೇಸು ನಡೆದರೆ ಸಾಕಲ್ಲ. ನನ್ನ ಮೇಜಿಗೆ ಬಂದು, ಅವರು ಹೇಳಿದಂತೆ ಮೊದಲ ತಿಂಗಳಿಗೆ ಐದು ನಂಬರುಗಳನ್ನು ಬರೆಯಲು ಶುರುಮಾಡಿದೆ. ಯಾವ ಐದು? ಪಟ್ಟಿಯ ಕ್ರಮದಲ್ಲಿ ಹೋದರೆ ಹೆಂಗಸಿನದು ಎರಡನೇ ತಿಂಗಳಿಗೆ ಬರುತ್ತದೆ. ಅದನ್ನು ಮೇಲಕ್ಕೆ ತಂದು ಮೊದಲ ಐದರಲ್ಲಿ ಸೇರಿಸಿದೆ. ಆಮೇಲೆ ಹೊಸ ನಂಬರಿನ ಮುಂದೆ ವರ್ಷ ಬರೆಯಬೇಕಾಯಿತು. ಪೆನ್ನು ಅಲ್ಲಿ ನಿಂತಿತು.

ಪ್ರತಿ ತಿಂಗಳೂ ತಖ್ತೆಯ ಜೊತೆಗೆ ಇನ್ನೊಂದು ಪಟ್ಟಿ ಹೋಗುತ್ತದೆ. ಹತ್ತು ವರ್ಷ ದಾಟಿದ ಪ್ರಕರಣಗಳ ಪಟ್ಟಿ. ಅವುಗಳನ್ನು ಮೊದಲು ಮುಗಿಸಬೇಕು, ಅವುಗಳಿಗೆ ಹತ್ತಿರ ಹತ್ತಿರದ ವಾಯಿದೆ ಕೊಡಬೇಕು, ಏನಾಯಿತೆಂದು ಮೇಲಿನಿಂದ ಕೇಳುತ್ತಾರೆ. ಪಟ್ಟಿಗೆ ಸೇರಿಸುವುದು ನಂಬರಿನ ಪಕ್ಕದ ವರ್ಷ ನೋಡಿ. ಹೊಸ ನಂಬರು ಕೊಟ್ಟರೆ ಹನ್ನೊಂದು ವರ್ಷದ ದಾವೆ ಅಂದೇ ಹುಟ್ಟಿದ ದಾವೆಯಾಗುತ್ತದೆ. ಹೆಚ್ಚುವರಿ ನ್ಯಾಯಾಲಯದ ಸಾಲಿನಲ್ಲಿ ಎಲ್ಲರಿಗಿಂತ ಹಿಂದೆ ನಿಲ್ಲುತ್ತದೆ. ಸರದಿ ಬರುವ ಹೊತ್ತಿಗೆ ಶಿಡ್ಲಘಟ್ಟದ ಮುಖ್ಯೋಪಾಧ್ಯಾಯರಿಗೆ ಎಷ್ಟು ವರ್ಷವಾಗಿರುತ್ತದೆಂದು ಕೂಡಿ ನೋಡಿದೆ. ನಾನು ಕೂಡುವುದರಲ್ಲಿ ತಪ್ಪುವುದಿಲ್ಲ.

ಐದು ನಂಬರುಗಳ ಹಾಳೆಯನ್ನು ಮಡಚಿ ಡ್ರಾಯರಿನಲ್ಲಿಟ್ಟೆ. ಬೇರೆ ಹಾಳೆ ತೆಗೆದುಕೊಂಡು ಜಿಲ್ಲಾ ನ್ಯಾಯಾಧೀಶರ ಆದೇಶ ಕೋರಿ ಟಿಪ್ಪಣಿ ಬರೆದೆ. ನಲವತ್ತೊಂದು ನಂಬರುಗಳು, ಪ್ರತಿಯೊಂದರ ಮೂಲ ವರ್ಷ, ಕಡತಗಳು ಸಿಕ್ಕ ಜಾಗ, ಎರಡೂ ತಖ್ತೆಗಳ ಪ್ರತಿ. ನೋಂದಣಿ ಪುಸ್ತಕದ ಅಕ್ಷರಗಳಲ್ಲಿ ತಲಕಟ್ಟು ಮತ್ತು ಗುಡಿಸು ಎರಡೂ ಕಾಣುತ್ತವೆ ಎಂದು ಕಂಡಷ್ಟನ್ನೇ ಬರೆದೆ. ಹಳೆಯ ನಂಬರು, ಹಳೆಯ ವರ್ಷ ಉಳಿಸಿಯೇ ಬಾಕಿಗೆ ತರಬೇಕೆಂದು ಕೋರಿದೆ. ಕೊನೆಯ ಪ್ಯಾರಾದಲ್ಲಿ, ‘ಇತರೆ’ ಕಾಲಮ್ಮಿನ ವಿವರ ಬಾರದೆಯೂ, ಎರಡು ತಖ್ತೆಗಳನ್ನು ಹೋಲಿಸದೆಯೂ ಜಿಲ್ಲಾ ತಖ್ತೆಗೆ ಸಹಿ ಹಾಕಿದವಳು ನಾನು ಎಂದು ಬರೆದೆ.

ಟಿಪ್ಪಣಿ ಆಡಳಿತಾಧಿಕಾರಿಯ ಮೂಲಕವೇ ಹೋಗಬೇಕು. ಓದಿ, ಕೊನೆಯ ಪ್ಯಾರಾದ ಮೇಲೆ ಬೆರಳಿಟ್ಟರು.

“ಇದು ಯಾಕಮ್ಮ? ಯಾರೂ ಕೇಳಿಲ್ಲವಲ್ಲ.”

“ಸಹಿ ನಂದೇ ಇದೆ ಸಾರ್. ನಾನು ಬರೀದಿದ್ರೆ ಉಳಿದದ್ದನ್ನೂ ನಂಬಲ್ಲ.”

ಅವರು ಎರಡು ದಿನ ಅದನ್ನು ತಮ್ಮ ಬಳಿ ಇಟ್ಟುಕೊಂಡರು. ಆ ಎರಡು ದಿನ ನನಗೆ ಅವರ ಮೇಲೂ ಅನುಮಾನವಿತ್ತು. ಅವರ ಕೋಣೆಯ ಫೋನು ರಿಂಗಾದಾಗಲೆಲ್ಲ ಆ ತಾಲ್ಲೂಕಿನಿಂದ ಬಂದ ಕರೆಯೇ ಎಂದು ಕಿವಿಗೊಟ್ಟೆ. ಟಿಪ್ಪಣಿ ಕಳೆದುಹೋದರೆ ಎಂದು ಪ್ರತಿ ತೆಗೆದಿಟ್ಟುಕೊಂಡೆ, ಪ್ರತಿಯ ಮೇಲೆ ತಾರೀಖು, ವೇಳೆ ಬರೆದೆ. ಮೂರನೇ ದಿನ ಬೆಳಿಗ್ಗೆ, ‘ಒಪ್ಪಿಗೆಗಾಗಿ ಸಲ್ಲಿಸಿದೆ’ ಎಂದು ತಮ್ಮ ಸಹಿ ಹಾಕಿ ಮೇಲಕ್ಕೆ ಕಳುಹಿಸಿದರು. ನನ್ನ ಅನುಮಾನ ತಪ್ಪಾಗಿತ್ತು ಎಂದು ಇಲ್ಲಿ ದಾಖಲಿಸಬೇಕು.

ಆದೇಶ ಬಂತು. ನಲವತ್ತೊಂದೂ ಹಳೆಯ ನಂಬರು, ಹಳೆಯ ವರ್ಷದೊಂದಿಗೆ ಗಣಕದಲ್ಲಿ ಮತ್ತೆ ಬಾಕಿಗೆ ಬಂದವು. ಪುಟಸಂಖ್ಯೆ ಹಾಕಿಸಿ, ಹೆಚ್ಚುವರಿ ನ್ಯಾಯಾಲಯಕ್ಕೆ ಸಹಿ ಪಡೆದು ಒಪ್ಪಿಸಲಾಯಿತು. ಪ್ರಭಾರದಲ್ಲಿದ್ದ ನ್ಯಾಯಾಧೀಶರು ಹಳೆಯವುಗಳಿಗೆ ಮೊದಲು ವಾಯಿದೆ ಕೊಟ್ಟರು. ನಾನು ತೊಂಡೇಬಾವಿಗೆ ಫೋನು ಮಾಡಲಿಲ್ಲ, ಅದು ನನ್ನ ಕೆಲಸವಲ್ಲ. ವಾಯಿದೆ ತಾರೀಖು ದಿನದ ಪಟ್ಟಿಯಲ್ಲಿ ಬಂದಿದೆಯೇ ಎಂದು ಮಾತ್ರ ನೋಡಿದೆ. ಬಂದಿತ್ತು.

ಆ ತಿಂಗಳು ಜಿಲ್ಲೆಯ ಬಾಕಿ ಏರಿತು. ಯಾಕೆಂದು ಕೇಳಿ ಪತ್ರ ಬಂತು. ಉತ್ತರ ಬರೆದವಳೂ ನಾನೇ. ನನಗೆ ಎಚ್ಚರಿಕೆ ನೀಡಿ ಸೇವಾ ಪುಸ್ತಕದಲ್ಲಿ ಒಂದು ಸಾಲು ಸೇರಿಸಿದರು. ಅದು ಸರಿಯಾದ ಸಾಲು. ತಾಲ್ಲೂಕು ನ್ಯಾಯಾಲಯದ ಬಗ್ಗೆ ನಡೆದ ವಿಚಾರಣೆ ಇದನ್ನು ಬರವಣಿಗೆಯ ಕಣ್ತಪ್ಪೆಂದು ಮುಗಿಸಿತು. ತಲಕಟ್ಟಿನ ಮಾತು ವರದಿಯಲ್ಲಿ ಇರಲಿಲ್ಲ. ಬೆರಳಚ್ಚುಗಾರ್ತಿಯ ಗುತ್ತಿಗೆ ಮುಂದುವರಿಯಿತು. ಶಿರಸ್ತೇದಾರರು ಹಾರ ಹಾಕಿಸಿಕೊಂಡು ನಿವೃತ್ತರಾದರು. ಬೀಳ್ಕೊಡುಗೆಗೆ ನನಗೂ ಕರೆ ಬಂದಿತ್ತು, ಹೋಗಲಿಲ್ಲ.

ಒಂದು ಬದಲಾವಣೆಯಾಯಿತು. ಈಗ ಯಾವ ತಾಲ್ಲೂಕಿನಿಂದ ತಖ್ತೆ ಬಂದರೂ ವಿಲೇವಾರಿಯಾದ ಪ್ರತಿ ಪ್ರಕರಣದ ನಂಬರಿನ ಪಟ್ಟಿ ಜೊತೆಗಿರಬೇಕು, 'ವ' ಮತ್ತು 'ವಿ' ಎಂದು ಬರೆಯದೆ ಪೂರ್ತಿ ಪದ ಬರೆಯಬೇಕು. ಚಿಂತಾಮಣಿಯವರು ಗೊಣಗಿದರು, ಗೌರಿಬಿದನೂರಿನವರು ಕಾಲಮ್ಮಿನಲ್ಲಿ ಜಾಗ ಎಲ್ಲಿದೆ ಎಂದು ಪತ್ರವನ್ನೇ ಬರೆದರು. ಜಾಗ ಅಗಲ ಮಾಡಿ ಹೊಸ ಪುಸ್ತಕ ಕೊಡಿಸಿದೆವು.

ಒಂದು ವರ್ಷದ ಮೇಲೆ ಹೆಚ್ಚುವರಿ ನ್ಯಾಯಾಲಯದ ಪಟ್ಟಿಯಲ್ಲಿ ಆ ನಂಬರು ಕಂಡಿತು. ಪಕ್ಕದಲ್ಲಿ ‘ವಿಲೇವಾರಿ’ ಎಂದು ಪೂರ್ತಿ ಬರೆದಿತ್ತು. ನಾನು ಫೋನು ಮಾಡಿದೆ. ಹೊಸ ಶಿರಸ್ತೇದಾರರಿಗೆ ನನ್ನ ಬಗ್ಗೆ ಯಾರೋ ಹೇಳಿದ್ದರೆಂದು ಕಾಣುತ್ತದೆ.

“ನಿಜವಾಗ್ಲೂ ವಿಲೇನೇ ಮೇಡಂ. ತೀರ್ಪು ಆಗಿದೆ. ನಂಬಿಕೆ ಇಲ್ದಿದ್ರೆ ಕಾಪಿ ಕಳಿಸ್ಲಾ?”

“ಕಳಿಸಿ” ಎಂದೆ.

ಮಧ್ಯಾಹ್ನದೊಳಗೆ ಬಂತು. ತಖ್ತೆಯ ಮಟ್ಟಿಗೆ ನನಗೆ ಬೇಕಾದದ್ದು ತಾರೀಖು ಮತ್ತು ಸಹಿ. ಆದರೂ ಓದಿದೆ. ಮುಖ್ಯೋಪಾಧ್ಯಾಯರಿಗೆ ನ್ಯಾಯಾಲಯಕ್ಕೆ ಬರಲಾಗದ ಕಾರಣ ಶಿಡ್ಲಘಟ್ಟದ ಮನೆಗೇ ನ್ಯಾಯಾಲಯ ನೇಮಿಸಿದ ಕಮಿಷನರ್ ಒಬ್ಬರನ್ನು ಕಳುಹಿಸಿ ಸಾಕ್ಷ್ಯ ಬರೆಸಿಕೊಂಡಿದ್ದರು. ನಲವತ್ತೈದು ವರ್ಷ ಹಿಂದಿನ ಸಾಲು ನಿಮ್ಮದೇ ಕೈಬರಹವೆಂದು ಹೇಗೆ ಹೇಳುತ್ತೀರಿ ಎಂದು ಎದುರು ವಕೀಲರು ಕೇಳಿದ್ದರು. ಅವರ ಉತ್ತರವನ್ನು ತೀರ್ಪಿನಲ್ಲಿ ಹಾಗೆಯೇ ಎತ್ತಿಕೊಂಡಿದ್ದರು: ‘ತಂದೆಯ ಹೆಸರಿನಲ್ಲಿ ಎರಡು ಗುಡಿಸುಗಳಿವೆ. ನಾನು ಗುಡಿಸನ್ನು ಅಕ್ಷರದಿಂದ ಪೆನ್ನು ಎತ್ತದೆ ಒಂದೇ ಏಟಿಗೆ ಸುತ್ತುತ್ತೇನೆ. ಮಕ್ಕಳಿಗೂ ಹಾಗೆಯೇ ಕಲಿಸಿದ್ದೇನೆ. ಆಮೇಲೆ ಸೇರಿಸಿದ ಗುಡಿಸು ಹಾಗೆ ಕೂರುವುದಿಲ್ಲ.’

ಮೊದಲ ಪುಟದಲ್ಲಿ, ವಾದಿಯ ಹೆಸರಿನ ಕೆಳಗೆ, ‘ಇಂಥವರ ಮಗಳು’ ಎಂದಿತ್ತು. ಹನ್ನೆರಡು ವರ್ಷದಿಂದ ಆ ಕಡತದ ಪ್ರತಿ ಹಾಳೆಯ ಮೇಲೂ ಅದು ಇತ್ತು. ಅಲ್ಲೆಲ್ಲ ಅದು ಅವರು ಹೇಳಿಕೊಂಡದ್ದು ಮಾತ್ರ. ಪುಟ ಮಗುಚಿ ಕೊನೆಯದಕ್ಕೆ ಬಂದೆ. ಅಲ್ಲಿನ ಘೋಷಣೆಯಲ್ಲೂ ಅದೇ ಪದಗಳಿದ್ದವು, ಕೆಳಗೆ ನ್ಯಾಯಾಧೀಶರ ಸಹಿ ಇತ್ತು.

ಪಟ್ಟಿಯಲ್ಲಿ ಆ ನಂಬರಿನ ಎದುರು ಗುರುತು ಹಾಕಿ ಮುಂದಿನದಕ್ಕೆ ಹೋದೆ.